ಗಾರ್ಡನ್ ಕೆಲಸದವರ ಮುಂಗಡ ಯಾರ ಪಟ್ಟಿಯಲ್ಲಿದೆ? ನಮ್ಮ ಕಡೆಯವರು ಸ್ವಲ್ಪ ಹೇಳಿ

ಹಸಿರು ಲೆಕ್ಕ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಗಾರ್ಡನ್ ಕಂಪನಿಯಲ್ಲಿ ಲೆಕ್ಕ ಮತ್ತು ಆಳುಗಳ ಹಾಜರಿ ನೋಡಿಕೊಳ್ಳುತ್ತೇನೆ. ದೊಡ್ಡ ಕಂಪನಿ ಅಲ್ಲ. ಕಾಲೇಜು, ಆಸ್ಪತ್ರೆ, ಕಾರ್ಖಾನೆ ಕಾಲೊನಿ, ಹೊಸ ಲೇಔಟಿನ ಪಾರ್ಕು, ಇಂಥ ಕಡೆ ಹುಲ್ಲು ಹಾಸುವುದು, ಗಿಡ ನೆಡುವುದು, ಫರ್ಸಿ ಕಲ್ಲಿನ ದಾರಿ ಮಾಡುವುದು, ಆಮೇಲೆ ವರ್ಷಪೂರ್ತಿ ನೀರು ಗೊಬ್ಬರ ನೋಡಿಕೊಳ್ಳುವುದು. ಕಾಯಂ ಮಂದಿ ಕಡಿಮೆ. ಜಾಸ್ತಿ ಜನ ಮುಕಾದಮರ, ಅಂದರೆ ಊರಿಂದ ಆಳು ಕೂಡಿಸಿ ತರುವ ಮೇಸ್ತ್ರಿಗಳ ಮೂಲಕ ಬರುತ್ತಾರೆ. ಯಾದಗಿರಿ ಕಡೆಯ ಲಂಬಾಣಿ ತಾಂಡಾಗಳಿಂದ, ಚಿಂಚೋಳಿಯಿಂದ, ಕೆಲವೊಮ್ಮೆ ತೆಲಂಗಾಣದ ಗಡಿ ಊರುಗಳಿಂದ.

ಈಗ ಒಬ್ಬ ದೊಡ್ಡ ಗಿರಾಕಿ ಒಂದು ಫಾರಂ ಕಳಿಸಿದ್ದಾರೆ. ಅವರ ಮೂಲ ಕಂಪನಿ ಹೊರದೇಶದ್ದು. ನಿಮ್ಮ ಕೆಲಸದವರಲ್ಲಿ, ನಿಮಗೆ ಮಾಲು ಕೊಡುವವರಲ್ಲಿ ಜೀತ, ಬಲವಂತದ ದುಡಿಮೆ, ಬಾಲಕಾರ್ಮಿಕರು ಯಾರೂ ಇಲ್ಲ ಎಂದು ಸಹಿ ಮಾಡಿ ಕೊಡಿ ಅಂತ. ಮಾಲೀಕರು ಸಹಿ ಹಾಕಿ ಕಳಿಸಿಬಿಡೋಣ ಅಂದರು. ನಾನು ಸ್ವಲ್ಪ ದಿನ ತಡೆಯಿರಿ ಎಂದಿದ್ದೇನೆ. ನೋಡದೆ, ಕೇಳದೆ ಇಲ್ಲ ಅಂತ ಬರೆದುಕೊಡುವುದು ನನ್ನಿಂದ ಆಗುವುದಿಲ್ಲ.

ಯಾಕೆ ಅಂದರೆ, ಶನಿವಾರದ ಬಟವಾಡೆ ನೋಡುತ್ತೇನಲ್ಲ. ನಾವು ಇಡೀ ತಂಡದ ಪಗಾರ ಮುಕಾದಮನ ಕೈಗೆ ಕೊಡುತ್ತೇವೆ. ಅವನು ಗೇಟಿನ ಹತ್ತಿರ ಕೂತು ತನ್ನ ಕೆಂಪು ಪಟ್ಟಿ ತೆಗೆದು ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ಪ್ರತಿ ಹೆಸರಿನ ಮುಂದೆ ಮೂರು ಸಾಲು: ಹಾಜರಿ, ಖರ್ಚಿ, ಬಾಕಿ. ಆರು ದಿನ ತುಂಬಾ ಹಾಜರಿ ಇದ್ದ ಒಬ್ಬ ಹೆಣ್ಣುಮಗಳಿಗೆ ಖರ್ಚಿ ಮಾತ್ರ ಸಿಕ್ಕಿತು, ವಾರದ ಜೋಳ ಎಣ್ಣೆಗೆ ಸಾಲುವಷ್ಟು. ಮುಂಗಡ ಇನ್ನೆಷ್ಟು ಹರಿಯಬೇಕಮ್ಮಾ ಅಂತ ಕೇಳಿದೆ. "ನಮಗೇನ್ ಗೊತ್ರೀ ಅಕ್ಕಾರ, ಅವರ ಪಟ್ಟಿಯಾಗ ಅದ" ಅಂದಳು. ಮುಕಾದಮನನ್ನು ಕೇಳಿದರೆ "ಅದು ನಮ್ಮ ನಮ್ಮ ವ್ಯವಹಾರ ಬಿಡ್ರಿ ಮೇಡಂ" ಅಂತಾನೆ. ನನ್ನ ಪುಸ್ತಕದಲ್ಲಿ ಆಕೆಗೆ ಪೂರ್ತಿ ಪಗಾರ ಸಂದಾಯ ಆಗಿದೆ. ಆಕೆಯ ಕೈಯಲ್ಲಿ ಆಗಿಲ್ಲ.

ಇದನ್ನು ಏನೆಂದು ಕರೆಯಬೇಕು? ಸರಿ ಮಾಡಲು ಎಲ್ಲಿಂದ ಶುರು ಮಾಡಬೇಕು? ಗಿಡ, ಕಲ್ಲು, ಇಟ್ಟಂಗಿ, ಗೊಬ್ಬರ ಕೊಡುವವರ ವಿಷಯವೂ ಇದೆ. ಕೆಲಸ ಬಲ್ಲವರು ಬಿಚ್ಚಿ ಹೇಳಿ.

ವಕೀಲೆ, ಬೀದರ

ಮೇಡಂ, ಫಾರಂ ತಡೆದಿದ್ದು ಒಳ್ಳೆಯದಾಯಿತು.

ಮುಂಗಡ ಕೊಟ್ಟ ಮಾತ್ರಕ್ಕೆ ಅಪರಾಧ ಆಗುವುದಿಲ್ಲ. ಆ ಮುಂಗಡದ ಮೇಲೆ ಮನುಷ್ಯನನ್ನು ಕಟ್ಟಿಹಾಕಿದರೆ ಆಗುತ್ತದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದ್ದು, 1975ರ ಅಕ್ಟೋಬರ್ 25ರಿಂದಲೇ ಅನ್ವಯ. ಅದು ಕೇಳುವುದು ಇಷ್ಟೇ. ಸಾಲ ಅಥವಾ ಮುಂಗಡ ಇದೆಯಾ, ಅದರ ಕಾರಣಕ್ಕೆ ಆ ಮನುಷ್ಯ ಕೂಲಿ ಇಲ್ಲದೆ ಅಥವಾ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುತ್ತಿದ್ದಾನಾ, ಬೇರೆ ಕಡೆ ಕೆಲಸಕ್ಕೆ ಹೋಗಲು ಆಗುತ್ತಿಲ್ಲವಾ, ಬೇಕಾದಲ್ಲಿಗೆ ಓಡಾಡಲು ಆಗುತ್ತಿಲ್ಲವಾ, ತಾನು ಮಾಡಿದ ಮಾಲನ್ನು ಮಾರ್ಕೆಟ್ ರೇಟಿಗೆ ಮಾರಲು ಬಿಡುತ್ತಿಲ್ಲವಾ. ಇಷ್ಟರಲ್ಲಿ ಒಂದಕ್ಕೆ ಹೌದು ಎಂದರೂ ಸಾಕು. ಕಾಗದ ಪತ್ರ ಇರಬೇಕೆಂದಿಲ್ಲ, ಬಾಯಿಮಾತಿನ ಒಪ್ಪಂದವೂ ಸೇರುತ್ತದೆ. ಅಪ್ಪನ ಸಾಲಕ್ಕೆ ಮಗ ದುಡಿಯುವುದೂ ಸೇರುತ್ತದೆ.

ಹಂಗೆ ಅಂತ ಸಾಬೀತಾದರೆ ಆ ಸಾಲವೇ ರದ್ದು. ತೀರಿಸುವ ಹೊಣೆ ಇಲ್ಲ, ವಸೂಲಿ ಮಾಡಿದರೆ ಅದೂ ಅಪರಾಧ. 3 ವರ್ಷದವರೆಗೆ ಜೈಲು ಇದೆ. ಇದು ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವನು ಸಾಲ ಕೊಟ್ಟವನೇ, ದುಡಿಯುವವನಲ್ಲ. ಬಹಳ ಜನರಿಗೆ ಇದು ಗೊತ್ತಿಲ್ಲ.

1982ರಲ್ಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸದವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ಹೇಳುವ ಬಲವಂತದ ದುಡಿಮೆಯೇ ಎಂದಿತು. ಹಸಿವು, ಬಡತನ ಕೂಡ ಬಲವಂತವೇ. ಹಗ್ಗ, ಬೀಗ ಬೇಕಿಲ್ಲ.

ನಿಮ್ಮ ಕಂಪನಿಯ ಹೊಣೆಯೂ ಇದೆ. ಮುಕಾದಮ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು. "ನಾವು ಮುಕಾದಮನಿಗೆ ಕೊಟ್ಟಿದ್ದೇವೆ" ಎಂಬ ಉತ್ತರಕ್ಕೆ ಬೆಲೆ ಇಲ್ಲ.

ಗುತ್ತಿಗೆ ಕೆಲಸದವ, ಕಲಬುರಗಿ

ಎಲ್ಲರೂ ಕಾನೂನು ಹೇಳುತ್ತೀರಿ. ನಾನು ಇಪ್ಪತ್ತು ವರ್ಷದಿಂದ ಆಳುಗಳನ್ನು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದೇನೆ. ಮುಂಗಡ ಇಲ್ಲದೆ ಒಬ್ಬರೂ ಬರುವುದಿಲ್ಲ, ಬರೆದಿಟ್ಟುಕೊಳ್ಳಿ. ದಸರಾ ಹತ್ತಿರ ಬಂತೆಂದರೆ ಮಹಾರಾಷ್ಟ್ರದ ಕಬ್ಬಿನ ಮುಕಾದಮರು ಜೀಪು ತಗೊಂಡು ತಾಂಡಾಕ್ಕೆ ಬರುತ್ತಾರೆ. ಜೋಡಿಗೆ ಇಷ್ಟು ಅಂತ ರೊಕ್ಕ ಎಣಿಸಿ ಕೊಡುತ್ತಾರೆ. ಮಗಳ ಮದುವೆ, ದವಾಖಾನೆ, ಬೋರ್‌ವೆಲ್ ಸಾಲ, ಎಲ್ಲಾ ಆಗಲೇ ತೀರಬೇಕು. ನಾನು ಕೊಡದಿದ್ದರೆ ಅವರು ಅತ್ತ ಹೋಗುತ್ತಾರೆ. ಕೊಟ್ಟವನು ಹರಿಯುವ ತನಕ ಹಿಡಿದಿಟ್ಟುಕೊಳ್ಳುತ್ತಾನೆ, ಇಲ್ಲದಿದ್ದರೆ ಅವನು ಮುಳುಗುತ್ತಾನೆ. ರೊಕ್ಕ ತಗೊಂಡು ರಾತ್ರೋರಾತ್ರಿ ಹೋದವರೂ ಇದ್ದಾರೆ. ನನಗೆ ಯಾರು ಕೊಡುತ್ತಾರೆ ಆಗ?

ಜೀತ ಅಂತ ದೊಡ್ಡ ಮಾತು ಆಡಬೇಡಿ. ಅವರೂ ಒಪ್ಪಿಯೇ ತಗೊಂಡಿರುತ್ತಾರೆ.

ತಾಂಡಾದ ಹುಡುಗ, ಸುರಪುರ

ಕಾಕಾ, ನಿಮ್ಮ ಕಷ್ಟ ಅರ್ಥ ಆಗುತ್ತದೆ. ಒಪ್ಪಿ ತಗೊಂಡವರ ಕಥೆಯೂ ಒಂದು ಕೇಳಿ. ನಮ್ಮ ಮನೆಯದೇ.

ನಮ್ಮ ಅಪ್ಪ ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ, ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿ ಒಂದು ಕೊಯ್ತಾ. ಮುಂಗಡ ಇಬ್ಬರದೂ ಸೇರಿ, ಎಣಿಸಿಕೊಳ್ಳುವುದು ಅಪ್ಪ ಒಬ್ಬನೇ. ಟನ್ನಿನ ಲೆಕ್ಕ. ಒಂದು ದಿನ ಜ್ವರ ಬಂದು ಮಲಗಿದರೆ ಖಾಡಾ ಅಂತ ದಂಡ, ಅದೂ ಬಾಕಿಗೆ ಸೇರುತ್ತದೆ. ಒಂದು ಹಂಗಾಮಿನಲ್ಲಿ ಅಪ್ಪನ ಕಾಲಿಗೆ ಕೊಯ್ತಾ ಬಿತ್ತು. ಅರ್ಧಕ್ಕೇ ಊರಿಗೆ ಬಂದರು. ಬಾಕಿ ಉಳಿಯಿತು. ಎಷ್ಟು ಅಂತ ನಮಗೆ ಯಾರೂ ತೋರಿಸಲಿಲ್ಲ. ಮುಕಾದಮ ಹೇಳಿದ್ದೇ ಲೆಕ್ಕ.

ಮುಂದಿನ ವರ್ಷ ಆ ಬಾಕಿ ಕೈ ಬದಲಾಯಿತು. ಕಬ್ಬಿನವನು ಇನ್ನೊಬ್ಬ ಮುಕಾದಮನಿಂದ ರೊಕ್ಕ ತಗೊಂಡು ನಮ್ಮ ಲೆಕ್ಕ ಅವನಿಗೆ ದಾಟಿಸಿದ. ಅವನು ಪುಣೆಯ ಕಡೆ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಗಾರ್ಡನ್ ಕೆಲಸದ ಜನ ಕೊಡುವವನು. ಅಪ್ಪನ ಬದಲಿಗೆ ಅಣ್ಣ ಹೋದ. ಆಗಿನ್ನೂ ಅವನು ಒಂಬತ್ತನೇ ಕ್ಲಾಸು. ಹುಲ್ಲಿನ ಚೌಕಗಳನ್ನು ಲಾರಿಯಿಂದ ಇಳಿಸುವುದು, ಹಾಸುವುದು, ರೋಲರ್ ಹೊಡೆಯುವುದು, ರಾತ್ರಿ ನೀರು ಬಿಡುವುದು. ಇರುವುದು ಅಲ್ಲೇ ಸೈಟಿನ ತಗಡಿನ ಶೆಡ್ಡು. ಆಧಾರ್ ಕಾರ್ಡು "ಗೇಟ್ ಪಾಸಿಗೆ ಬೇಕು" ಅಂತ ಇಸಿದುಕೊಂಡು ವಾಪಸ್ಸು ಕೊಡಲಿಲ್ಲ. ಹೋಳಿಗೆ ಊರಿಗೆ ಬರುತ್ತೇನೆ ಅಂದರೆ "ನಿಮ್ಮಪ್ಪನ್ನ ಕಳಿಸು, ಆಮೇಲೆ ಹೋಗು" ಅಂದರಂತೆ.

ಆ ಗಾರ್ಡನ್ ಕಂಪನಿಯವರು ಯಾರೂ ಅಣ್ಣನಿಗೆ ಹೊಡೆದಿಲ್ಲ, ಬೈದಿಲ್ಲ. ಅವರಿಗೆ ಅವನ ಹೆಸರೇ ಗೊತ್ತಿರಲಿಲ್ಲ. ಹತ್ತು ಆಳು ಬೇಕು ಅಂದರು, ಹತ್ತು ಆಳು ಬಂದರು. ಅದಕ್ಕೇ ಹೇಳುವುದು ಅಕ್ಕಾ, ಮುಕಾದಮನ ಪಟ್ಟಿಯೊಳಗೆ ಏನಿದೆ ಅಂತ ನೋಡದ ಕಂಪನಿ ಎಷ್ಟು ಒಳ್ಳೆಯದಿದ್ದರೂ ನಮ್ಮಂಥವರಿಗೆ ಉಪಯೋಗ ಇಲ್ಲ.

ಹಸಿರು ಲೆಕ್ಕ, ಕಲಬುರಗಿ

ತಮ್ಮಾ, ಓದಿ ಬಹಳ ಹೊತ್ತು ಸುಮ್ನೆ ಕೂತೆ. ಬರೆದಿದ್ದಕ್ಕೆ ದೊಡ್ಡ ಉಪಕಾರ. ನಿಮ್ಮ ಅಣ್ಣ ಈಗ ಹೇಗಿದ್ದಾರೆ?

ಕಾಕಾ, ನಿಮ್ಮ ಪ್ರಶ್ನೆಗೂ ಉತ್ತರ ಹುಡುಕಲೇಬೇಕು. ಮುಂಗಡ ನಿಲ್ಲಿಸಿದರೆ ಜನ ಇನ್ನೂ ಕೆಟ್ಟ ಕಡೆಗೆ ಹೋಗುತ್ತಾರೆ ಅನ್ನುವುದು ನಿಜ. ನಾನು ಯೋಚಿಸುತ್ತಿರುವುದು ಹೀಗೆ: ಮುಂಗಡವನ್ನು ಕಂಪನಿಯೇ ನೇರವಾಗಿ ಕೊಡಲಿ. ಬಡ್ಡಿ ಬೇಡ. ಮೊತ್ತ ಚಿಕ್ಕದಿರಲಿ, ಒಂದೆರಡು ತಿಂಗಳಲ್ಲಿ ಹರಿಯುವಷ್ಟು. ವಾರದ ಪಗಾರ ಪೂರ್ತಿ ಅವರ ಬ್ಯಾಂಕ್ ಖಾತೆಗೆ, ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಕಡಿತ ಎಷ್ಟೆಂದು ಮೊದಲೇ ಮಾತಾಡಿ ಬರೆದಿಡುವುದು. ನಡುವೆ ಬಿಟ್ಟು ಹೋದರೆ ಬಾಕಿಗಾಗಿ ಯಾರ ಮನೆ ಬಾಗಿಲಿಗೂ ಹೋಗುವಂತಿಲ್ಲ, ಯಾರ ತಮ್ಮನನ್ನೂ ಕರೆತರುವಂತಿಲ್ಲ. ಆ ನಷ್ಟ ಕಂಪನಿಯದು.

ಗುತ್ತಿಗೆ ಕೆಲಸದವ, ಕಲಬುರಗಿ

ಕೊನೆಯ ಮಾತು ಕೇಳಿದ ಮೇಲೆ ಎಲ್ಲರೂ ತಗೊಂಡು ಓಡುತ್ತಾರೆ ಮೇಡಂ. ಹುಡುಗನ ಮನೆಯ ಕಥೆ ಕೇಳಿ ನನಗೂ ಸಂಕಟ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ವ್ಯಾಪಾರವೂ ನಡೆಯಬೇಕಲ್ಲ.

ನರ್ಸರಿ, ಹುಮನಾಬಾದ

ಎಲ್ಲರೂ ಓಡುವುದಿಲ್ಲ ಕಾಕಾ. ನಮ್ಮ ನರ್ಸರಿಯಲ್ಲಿ ನೇರ ಪಗಾರ, ನೇರ ಮುಂಗಡ ಮಾಡಿ ಬಹಳ ದಿನ ಆಯಿತು. ಕೆಲವರು ಹೋದರು, ಹೌದು. ಆದರೆ ಉಳಿದವರು ಬೇಸಿಗೆಯಲ್ಲೂ ಉಳಿದರು. ನರ್ಸರಿಗೆ ಬೇಸಿಗೆಯೇ ಜೀವ. ಕಸಿ ಕಟ್ಟುವ ಕೈ ಪಳಗಲು ಎರಡು ಹಂಗಾಮು ಬೇಕು. ಪಳಗಿದ ಕೈ ಹೋದರೆ ಆಗುವ ನಷ್ಟದ ಮುಂದೆ ಮುಂಗಡದ ನಷ್ಟ ಏನೇನೂ ಅಲ್ಲ.

ಇನ್ನೊಂದು ವಿಷಯ ಇಲ್ಲಿ ಯಾರೂ ಎತ್ತಿಲ್ಲ. ಫಾರ್ಮ್‌ಹೌಸ್ ಮಾಲಿಗಳದ್ದು. ನಾನು ಗಿಡ ಇಳಿಸಲು ಬೀದರ, ಹುಮನಾಬಾದ, ಕಲಬುರಗಿ ಸುತ್ತಲಿನ ತೋಟದ ಮನೆಗಳಿಗೆ ಹೋಗುತ್ತೇನೆ. ಊರಿಂದ ದೂರ, ಸುತ್ತ ಕಾಂಪೌಂಡು, ಒಳಗೆ ಒಂದು ಖೋಲಿ, ಅಲ್ಲಿ ಗಂಡ ಹೆಂಡತಿ ಮಕ್ಕಳು. ಪಗಾರ ಗಂಡನಿಗೆ ಮಾತ್ರ. ಹೆಂಡತಿ ಕಸ ಹೊಡೆಯುತ್ತಾಳೆ, ಕಳೆ ಕೀಳುತ್ತಾಳೆ, ಮಾಲೀಕರು ಬಂದಾಗ ರೊಟ್ಟಿ ಬಡಿಯುತ್ತಾಳೆ, ಆಕೆಯ ಹೆಸರು ಎಲ್ಲೂ ಇಲ್ಲ. ಭಾನುವಾರವೂ ರಜೆ ಇಲ್ಲ, ಯಾಕೆಂದರೆ ಮಾಲೀಕರು ಬರುವುದೇ ಭಾನುವಾರ. ಒಂದು ಕಡೆ ನಾನು ನೋಡಿದೆ, ಮಾಲಿಯ ಮಗಳಿಗೆ ಜ್ವರ, ಅವನು ಗೇಟಿನೊಳಗೆ ನಿಂತು ನನ್ನ ಟೆಂಪೊದಲ್ಲಿ ದವಾಖಾನೆಗೆ ಬರಲಾ ಅಂತ ಕೇಳುತ್ತಿದ್ದಾನೆ, ಕೇಳುತ್ತಲೇ ಸಾಹೇಬರಿಗೆ ಫೋನು ಹಚ್ಚುತ್ತಿದ್ದಾನೆ, ಅವರು ಎತ್ತುತ್ತಿಲ್ಲ. ಗೇಟಿನ ಕೀಲಿ ಅವನ ಕೈಯಲ್ಲೇ ಇತ್ತು. ಆದರೂ ಹೊರಗೆ ಕಾಲಿಡಲು ಅವನಿಗೆ ಧೈರ್ಯ ಆಗಲಿಲ್ಲ. ಮದುವೆ ಸಾಲ ಸಾಹೇಬರದ್ದೇ ಅಂತೆ.

ಅಂಥ ತೋಟಗಳ ನಿರ್ವಹಣೆ ಗಾರ್ಡನ್ ಕಂಪನಿಗಳೇ ಹಿಡಿದಿರುತ್ತವೆ, ಮಾಲಿಯನ್ನು ಕಂಪನಿಯೇ ಕೊಟ್ಟಿರುತ್ತದೆ. ಮೇಡಂ, ನಿಮ್ಮ ಪಟ್ಟಿಯಲ್ಲಿ ಇಂಥವರು ಇದ್ದರೆ ಮೊದಲು ಅಲ್ಲಿಗೆ ಹೋಗಿ. ಸೈಟಿನಲ್ಲಿ ಹತ್ತು ಜನ ಇದ್ದರೆ ಒಬ್ಬರಿಗೊಬ್ಬರು ಮಾತಾಡುತ್ತಾರೆ. ಇವರಿಗೆ ಅದೂ ಇಲ್ಲ.

ಹಸಿರು ಲೆಕ್ಕ, ಕಲಬುರಗಿ

ಇದ್ದಾರೆ. ಆಳಂದ ರಸ್ತೆ ಕಡೆ, ಸೇಡಂ ರಸ್ತೆ ಕಡೆ. ಬಿಲ್ಲಿನಲ್ಲಿ "ಮಾಲಿ, ಒಬ್ಬರು" ಅಂತ ಇರುತ್ತದೆ. ಇನ್ನು ಮೇಲೆ ಹೆಂಡತಿ ಕೆಲಸ ಮಾಡಿದರೆ ಇಬ್ಬರು ಅಂತಲೇ ಬಿಲ್ಲು ಹೋಗಬೇಕು, ಆಕೆಯ ಪಗಾರ ಆಕೆಯ ಖಾತೆಗೆ ಬೀಳಬೇಕು. ಗಿರಾಕಿ ಒಪ್ಪದಿದ್ದರೆ ಆಕೆಯ ಕೈಯಿಂದ ಕೆಲಸ ಮಾಡಿಸುವಂತಿಲ್ಲ ಅಂತ ಕರಾರಿನಲ್ಲಿ ಬರೆಸುತ್ತೇನೆ. ವಾರದ ರಜೆಗೆ ಬದಲಿ ಆಳು ಕಂಪನಿಯಿಂದಲೇ ಹೋಗಬೇಕು. ಇದು ನಮ್ಮ ಕೈಯಲ್ಲಿ ಇರುವ ಕೆಲಸ, ಯಾರನ್ನೂ ಕೇಳಬೇಕಿಲ್ಲ.

ಫರ್ಸಿ ಡಿಪೊ, ಶಹಾಬಾದ

ಕಲ್ಲಿನ ವಿಷಯ ನಾನು ಹೇಳುತ್ತೇನೆ, ನಮ್ಮದು ಅದೇ ದಂಧೆ.

ನಿಮಗೆ ಕಲ್ಲು ಬರುವ ದಾರಿ ಉದ್ದ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಕಡೆ ಖಣಿಯಲ್ಲಿ ಪದರ ಪದರ ಎಬ್ಬಿಸುತ್ತಾರೆ. ಅಲ್ಲಿಂದ ಕಟಿಂಗ್, ಪಾಲಿಶ್ ಮಷಿನ್ನು. ಅಲ್ಲಿಂದ ಡಿಪೊ. ಡಿಪೊದಿಂದ ನಿಮ್ಮ ಸೈಟು. ತಾಂಡೂರಿನ ಕಲ್ಲೂ ಇದರಲ್ಲೇ ಬೆರೆಯುತ್ತದೆ. ಡಿಪೊದವನಿಗೆ ಕೇಳಿದರೆ ಖಣಿಯಲ್ಲಿ ಯಾರು ದುಡಿಯುತ್ತಾರೆ ಅಂತ ನಿಜವಾಗಿಯೂ ಗೊತ್ತಿರುವುದಿಲ್ಲ. ಖಣಿಯಲ್ಲಿ ಕೂಲಿ ಬಹಳ ಕಡೆ ಕಲ್ಲಿನ ಅಳತೆಯ ಮೇಲೆ, ದಿನದ ಮೇಲೆ ಅಲ್ಲ. ಒಡೆದ ಕಲ್ಲಿಗೆ ಲೆಕ್ಕ ಇಲ್ಲ. ಮಳೆಗಾಲದಲ್ಲಿ ಖಣಿ ತುಂಬ ನೀರು, ಕೆಲಸ ನಿಂತಿರುತ್ತದೆ, ಆಗ ಊಟಕ್ಕೆ ತಗೊಂಡ ರೊಕ್ಕವೇ ಮುಂಗಡ ಆಗುತ್ತದೆ. ಅಳತೆ ಲೆಕ್ಕ ಇದ್ದಲ್ಲಿ ಹೆಂಡತಿ ಮಕ್ಕಳೂ ಕೈ ಹಾಕುತ್ತಾರೆ, ಯಾಕೆಂದರೆ ಜಾಸ್ತಿ ಕಲ್ಲು ಎದ್ದರೆ ಬೇಗ ಹರಿಯುತ್ತದೆ.

ನೀವು ಕೇಳಬೇಕಾದ್ದು: ಯಾವ ಖಣಿಯ ಕಲ್ಲು, ಲೀಸ್ ಯಾರ ಹೆಸರಿನಲ್ಲಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸಾಗಣೆ ಪರ್ಮಿಟ್ಟು ಲಾರಿ ಜೊತೆ ಬಂತಾ. ಪರ್ಮಿಟ್ಟು ಇದ್ದ ಮಾತ್ರಕ್ಕೆ ಕೂಲಿ ಸರಿ ಇದೆ ಅಂತ ಅಲ್ಲ. ಆದರೆ ಪರ್ಮಿಟ್ಟೇ ಇಲ್ಲದ ಕಲ್ಲಿನ ಹಿಂದೆ ಯಾರು ದುಡಿದಿದ್ದಾರೆ ಅಂತ ಹುಡುಕಲು ನಿಮಗೆ ದಾರಿಯೇ ಇರುವುದಿಲ್ಲ. ಆಮೇಲೆ ಒಂದು ಸಲ ಖಣಿಗೇ ಬನ್ನಿ. ಫೋನು ಮಾಡದೆ ಬನ್ನಿ, ಬೆಳಿಗ್ಗೆ ಬನ್ನಿ. ಕುಡಿಯುವ ನೀರು ಎಲ್ಲಿದೆ, ಮಕ್ಕಳು ಎಲ್ಲಿದ್ದಾರೆ, ಬೂಟು ಕನ್ನಡಕ ಯಾರಿಗಿದೆ ನೋಡಿ. ಅಳತೆ ಪಟ್ಟಿ ಆಳುಗಳ ಹತ್ತಿರವೂ ಒಂದು ಪ್ರತಿ ಇದೆಯಾ ಕೇಳಿ.

ರೇಟಿನ ಬಗ್ಗೆ ಒಂದು ಮಾತು. ಎಲ್ಲರಿಗಿಂತ ಬಹಳ ಕಡಿಮೆಗೆ ಕೊಡುತ್ತೇನೆ ಅನ್ನುವವನ ಕಲ್ಲು ತಗೊಳ್ಳುವ ಮೊದಲು ಆ ಉಳಿತಾಯ ಯಾರ ಹೊಟ್ಟೆಯಿಂದ ಬಂತು ಅಂತ ಕೇಳಬೇಕು. ಡೀಸೆಲ್ಲು, ಬ್ಲೇಡು, ಕರೆಂಟು ಎಲ್ಲರಿಗೂ ಒಂದೇ. ವ್ಯತ್ಯಾಸ ಆಗುವುದು ಕೂಲಿಯಲ್ಲಿ ಮತ್ತು ರಾಯಲ್ಟಿಯಲ್ಲಿ.

ಹೊರದೇಶದವರು ಯಾಕೆ ಇದನ್ನೆಲ್ಲ ಕೇಳುತ್ತಾರೆ ಅಂದರೆ, ಬ್ರಿಟನ್ನಿನಲ್ಲಿ ಮನೆಗಳ ಹಿತ್ತಲಿಗೆ ಹಾಸುವ ಕಲ್ಲಿನಲ್ಲಿ ಬಹಳಷ್ಟು ರಾಜಸ್ಥಾನದ ಮರಳುಗಲ್ಲು. ಬೂಂದಿ ಜಿಲ್ಲೆಯ ಬುಧಪುರಾದಲ್ಲಿ ಚಿಕ್ಕ ಕಲ್ಲಿನ ಚೌಕಗಳನ್ನು ಮಕ್ಕಳು ಕೆತ್ತುವುದು ಹೊರಗೆ ಬಂದು ದೊಡ್ಡ ಗಲಾಟೆ ಆಗಿತ್ತು. ಬ್ರಿಟನ್ನಿನಲ್ಲಿ 2015ರಲ್ಲಿ ಕಾನೂನು ಬಂತು. ವರ್ಷಕ್ಕೆ 3.6 ಕೋಟಿ ಪೌಂಡ್ ವಹಿವಾಟು ದಾಟಿದ ಕಂಪನಿ ತನ್ನ ಕೆಲಸದಲ್ಲಿ, ತನಗೆ ಮಾಲು ಕೊಡುವವರಲ್ಲಿ ಇಂಥದ್ದನ್ನು ತಡೆಯಲು ಏನು ಮಾಡಿದೆ ಅಂತ ಪ್ರತಿ ವರ್ಷ ಹೇಳಿಕೆ ಕೊಡಬೇಕು. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಬಂತು. ಆ ಕಾಗದವೇ ಇಳಿದು ಇಳಿದು ನಿಮ್ಮ ಟೇಬಲ್ಲಿಗೆ ಬಂದಿದೆ.

ಮೇಷ್ಟ್ರು, ಶಹಾಪುರ

ಬೀಜದ ವಿಷಯ ಸೇರಿಸುತ್ತೇನೆ. ಗಾರ್ಡನ್ ಅಂದರೆ ಹೂವಿನ ಬೀಜ, ತರಕಾರಿ ಬೀಜ ಬೇಕಲ್ಲ. ಹೈಬ್ರಿಡ್ ಬೀಜ ಮಾಡುವಾಗ ಒಂದೊಂದು ಹೂವಿನ ಕೇಸರವನ್ನು ಕೈಯಿಂದ ಬಿಡಿಸಿ, ಇನ್ನೊಂದು ಗಿಡದ ಪರಾಗ ಮುಟ್ಟಿಸಬೇಕು. ಸಣ್ಣ ಬೆರಳು, ಕಡಿಮೆ ಕೂಲಿ ಅಂತ ಹೆಣ್ಣುಮಕ್ಕಳನ್ನೇ ಹಚ್ಚುತ್ತಾರೆ. ಹತ್ತಿ ಬೀಜದ ಪ್ಲಾಟುಗಳಲ್ಲಿ ಇದು ಬಹಳ ವರ್ಷಗಳಿಂದ ನಡೆದು ಬಂದಿದೆ. ನಮ್ಮ ಶಾಲೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಹಾಜರಿ ಪುಸ್ತಕದಲ್ಲಿ ಒಂದು ಬೆಂಚಿಗೆ ಬೆಂಚೇ ಖಾಲಿ ಬೀಳುತ್ತದೆ. 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ, 2016ರ ತಿದ್ದುಪಡಿ ಇದೆ. ಬೀಜದ ಕಂಪನಿಗೆ ಒಂದು ಪತ್ರ ಬರೆಯಿರಿ, ಯಾವ ತಾಲ್ಲೂಕಿನ ಪ್ಲಾಟು, ತಪಾಸಣೆ ಯಾರು ಮಾಡುತ್ತಾರೆ ಅಂತ. ಉತ್ತರ ಬರಲಿ ಬಿಡಲಿ, ಕೇಳುವವರು ಇದ್ದಾರೆ ಅಂತ ಗೊತ್ತಾಗಲಿ.

ಇಟ್ಟಂಗಿ ಭಟ್ಟಿಯಲ್ಲೂ ಇದೇ ಪಾಡು. ಸಾವಿರ ಇಟ್ಟಂಗಿಗೆ ಇಷ್ಟು, ಇಡೀ ಕುಟುಂಬ ಭಟ್ಟಿಯ ಮೇಲೇ ವಾಸ. ಕೈಗವಸು ಕೂಡ ಮರೆಯಬೇಡಿ. 2020ರಲ್ಲಿ ಮಲೇಷ್ಯಾದ ರಬ್ಬರ್ ಕೈಗವಸುಗಳನ್ನು ಅಮೆರಿಕ ಬಂದರಿನಲ್ಲೇ ತಡೆದಿತ್ತು, ಅಲ್ಲಿನ ಕಾರ್ಖಾನೆಗೆ ಸೇರಲು ನೇಪಾಳ, ಬಾಂಗ್ಲಾದೇಶದ ಹುಡುಗರು ದೊಡ್ಡ ಸಾಲ ಮಾಡಿ ಏಜೆಂಟರಿಗೆ ಕೊಟ್ಟಿದ್ದರು ಅಂತ.

ಗುತ್ತಿಗೆ ಕೆಲಸದವ, ಕಲಬುರಗಿ

ಇಷ್ಟೆಲ್ಲ ಮಾಡಲು ರೊಕ್ಕ ಎಲ್ಲಿಂದ ಬರಬೇಕು? ಟೆಂಡರು ಕಡಿಮೆ ರೇಟಿನವನಿಗೇ ಹೋಗುತ್ತದೆ. ಕಡಿಮೆ ಹಾಕಿದವನು ಕೂಲಿಯಲ್ಲೇ ಕಡಿಯುತ್ತಾನೆ. ಗಿರಾಕಿಗಳು ಬಿಲ್ಲು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತಾರೆ. ಅಲ್ಲಿಯ ತನಕ ಆಳುಗಳಿಗೆ ನಾನು ಬಡ್ಡಿಗೆ ತಂದು ಕೊಡಬೇಕು. ಫಾರಂ ಕಳಿಸುವವರಿಗೆ ಇದನ್ನೂ ಹೇಳಿ.

ಹಸಿರು ಲೆಕ್ಕ, ಕಲಬುರಗಿ

ಕಾಕಾ, ಈ ಮಾತು ನೂರಕ್ಕೆ ನೂರು ಸರಿ. ಇದನ್ನೇ ಅವರಿಗೆ ಬರೆಯುತ್ತೇನೆ. ಬರೀ ಸಹಿ ಮಾಡಿದ ಫಾರಂ ಕಳಿಸುವುದಿಲ್ಲ, ಜೊತೆಗೆ ಪತ್ರ ಹೋಗುತ್ತದೆ. ಅದರಲ್ಲಿ ಎರಡು ಬೇಡಿಕೆ. ರೇಟಿನಲ್ಲಿ ಕೂಲಿಯ ಪಾಲು ಬೇರೆ ಸಾಲಿನಲ್ಲಿ ಕಾಣಬೇಕು, ಸರ್ಕಾರ ಪ್ರತಿ ವರ್ಷ ತುಟ್ಟಿಭತ್ಯೆ ಹೆಚ್ಚಿಸಿದಾಗ ಆ ಸಾಲೂ ಹೆಚ್ಚಬೇಕು. ಬಿಲ್ಲು ತಿಂಗಳೊಳಗೆ ಪಾಸಾಗಬೇಕು. ಗಿರಾಕಿ ರೊಕ್ಕ ತಡೆದರೆ ನಾವು ತಡೆಯುತ್ತೇವೆ, ನಾವು ತಡೆದರೆ ಮುಕಾದಮ ತಡೆಯುತ್ತಾನೆ, ಕೊನೆಗೆ ತಡೆಯಲಾಗದ ಹೆಣ್ಣುಮಗಳು ಅವನ ಹತ್ತಿರವೇ ಮತ್ತೆ ಸಾಲ ತಗೊಳ್ಳುತ್ತಾಳೆ. ಬಾಕಿ ಬೆಳೆಯುವುದು ಹಿಂಗೇ. ಆಳುಗಳ ಬಗ್ಗೆ ಕಾಳಜಿ ಇರುವ ಗಿರಾಕಿ ಇದನ್ನು ಒಪ್ಪಬೇಕು.

ವಕೀಲ ಮೇಡಂ, ಒಂದು ಪ್ರಶ್ನೆ. ನಾಳೆ ಖಣಿಯಲ್ಲೋ, ಫಾರ್ಮ್‌ಹೌಸಿನಲ್ಲೋ, ನಮ್ಮದೇ ತಂಡದಲ್ಲೋ ಇಂಥದ್ದು ಕಂಡರೆ ಏನು ಮಾಡಬೇಕು? ಆ ಮುಕಾದಮನನ್ನು ಕೆಲಸದಿಂದ ತೆಗೆದರೆ ಸಾಕಾ?

ವಕೀಲೆ, ಬೀದರ

ಸಾಲದು. ಬರೀ ಅವನನ್ನು ತೆಗೆದರೆ ಅವನು ಆ ಜನರನ್ನು ಇನ್ನೊಂದು ಸೈಟಿಗೆ ಕರೆದೊಯ್ಯುತ್ತಾನೆ, ಸುರಪುರದ ತಮ್ಮ ಹೇಳಿದ ಹಾಗೆ ಬಾಕಿ ಇನ್ನೊಬ್ಬನ ಕೈಗೆ ದಾಟುತ್ತದೆ.

ಮೊದಲು ದುಡಿಯುವವರ ಜೊತೆ ಮಾತಾಡಿ, ಮುಕಾದಮ ಇಲ್ಲದ ಹೊತ್ತಿನಲ್ಲಿ, ಹೆಂಗಸರ ಜೊತೆ ಹೆಂಗಸರೇ. ಅವರು ಹೇಳಿದ್ದನ್ನು ಅವನ ಮುಂದೆ ಹೇಳಿ ಅವರನ್ನು ಸಿಕ್ಕಿಸಬೇಡಿ. ನೀವೇ ಹೋಗಿ ಆಳುಗಳನ್ನು ಬಿಡಿಸಿಕೊಂಡು ಬರುವ ಸಾಹಸವೂ ಬೇಡ. ಅಧಿಕಾರ ಇರುವುದು ಜಿಲ್ಲಾಧಿಕಾರಿ ಮತ್ತು ಸಹಾಯಕ ಆಯುಕ್ತರಿಗೆ. ಜಿಲ್ಲೆ, ಉಪವಿಭಾಗ ಎರಡೂ ಮಟ್ಟದಲ್ಲಿ ಜಾಗೃತಿ ಸಮಿತಿ ಇರಬೇಕು ಅಂತ 1976ರ ಕಾಯ್ದೆಯಲ್ಲೇ ಇದೆ. ಲಿಖಿತ ದೂರು ಕೊಡಿ, ಸ್ವೀಕೃತಿ ತಗೊಳ್ಳಿ. ಅಲ್ಲಿ ಮುಖ್ಯವಾಗಿ ಸಿಗಬೇಕಾದ್ದು ಬಿಡುಗಡೆ ಪತ್ರ. ಅದು ಕೈಗೆ ಬಂದರೆ ಸಾಲ ರದ್ದಾದದ್ದಕ್ಕೆ ಆಧಾರ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು ಇದೆ. ಆಮೇಲೆ ವಯಸ್ಕ ಗಂಡಸರಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ, ಅತಿ ಘೋರ ಪ್ರಕರಣಗಳಿಗೆ 3 ಲಕ್ಷ. ಈ ದೊಡ್ಡ ಮೊತ್ತ ಶಿಕ್ಷೆ ಆಗುವುದರ ಜೊತೆ ತಳುಕು ಹಾಕಿದ್ದಾರೆ, ಅದಕ್ಕೇ ಎಷ್ಟೋ ಜನ ಕಾಯುತ್ತಲೇ ಇರುತ್ತಾರೆ. ನನಗೆ ಇದು ಅನ್ಯಾಯ ಅಂತಲೇ ಅನಿಸುತ್ತದೆ.

ದುಡಿಯುವವರು ಪರಿಶಿಷ್ಟ ಜಾತಿ, ಪಂಗಡದವರಾದರೆ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ, ನಮ್ಮ ಕಡೆ ಬಹುಪಾಲು ಅವರೇ ಇರುತ್ತಾರೆ. ಮಕ್ಕಳಿದ್ದರೆ 1098, ಕೂಡಿಹಾಕಿದ್ದಾರೆ ಅಂದರೆ 112, ಉಚಿತ ವಕೀಲರು ಬೇಕಾದರೆ 15100. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾದವು, ಹಳೆಯ ಕೂಲಿ ಕಾಯ್ದೆಗಳು ಅದರಲ್ಲಿ ಸೇರಿಹೋದವು. ಆದರೆ ಜೀತದ ಕಾಯ್ದೆ ಹಾಗೇ ಉಳಿದಿದೆ. ಯಾರಾದರೂ ಆ ಕಾನೂನು ಹೋಯಿತು ಅಂದರೆ ನಂಬಬೇಡಿ.

ಮಾಲು ಕೊಡುವವರ ವಿಷಯದಲ್ಲಿ ಸ್ವಲ್ಪ ತಾಳ್ಮೆ ಇರಲಿ. ಕೂಲಿ ಕಡಿಮೆ, ಲೆಕ್ಕ ಸರಿ ಇಲ್ಲ ಅಂತಾದರೆ ಸರಿ ಮಾಡಲು ದಿನ ಕೊಡಿ, ಕೂಡಲೇ ಆರ್ಡರು ನಿಲ್ಲಿಸಿದರೆ ಮೊದಲು ಹೊಟ್ಟೆಗೆ ಹೊಡೆತ ಬೀಳುವುದು ಆಳುಗಳಿಗೆ. ಮಕ್ಕಳು, ಕೂಡಿಹಾಕಿದ್ದು, ಹೊಡೆತ ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು.

ತಾಂಡಾದ ಹುಡುಗ, ಸುರಪುರ

ಅಕ್ಕಾ ಕೇಳಿದ್ದಿರಿ, ಅಣ್ಣ ಈಗ ಊರಲ್ಲೇ ಇದ್ದಾನೆ, ಟ್ರ್ಯಾಕ್ಟರ್ ಹೊಡೆಯುತ್ತಾನೆ. ಓದು ಬಿಟ್ಟಿದ್ದು ಬಿಟ್ಟಿದ್ದೇ.

ನೀವು ಹೇಳಿದ ಮುಂಗಡ, ಕಡಿತ ಬರೆದಿಡಲು ಲೆಕ್ಕದ ಕಾರ್ಡು ಮಾಡುವುದಾದರೆ ಒಂದು ಮಾತು. ಪ್ರತಿಯೊಬ್ಬರ ಕೈಗೂ ಬೇರೆ ಬೇರೆ ಕೊಡಿ, ಗಂಡ ಹೆಂಡತಿಗೆ ಸೇರಿ ಒಂದು ಬೇಡ. ತಗೊಂಡ ಮುಂಗಡ, ಈ ವಾರದ ಹಾಜರಿ, ಕೈಗೆ ಬಂದದ್ದು, ಕಡಿದದ್ದು, ಉಳಿದದ್ದು, ಇಷ್ಟು ದೊಡ್ಡ ಅಂಕಿಯಲ್ಲಿ ಇದ್ದರೆ ಸಾಕು. ಆದರೆ ನಮ್ಮ ಅವ್ವನಂಥವರಿಗೆ ಓದಲು ಬರುವುದಿಲ್ಲ. ಬಟವಾಡೆ ದಿನ ಗಟ್ಟಿಯಾಗಿ ಓದಿ ಹೇಳಬೇಕು, ತಾಂಡಾದವರಿಗೆ ಲಂಬಾಣಿಯಲ್ಲಿ, ಗಡಿಯವರಿಗೆ ತೆಲುಗಿನಲ್ಲಿ, ಬೀದರ ಕಡೆಯಾದರೆ ಮರಾಠಿಯಲ್ಲೂ. ಓದುವವನು ಮುಕಾದಮನ ಮನೆಯವನಾಗಿರಬಾರದು. ಸಾಧ್ಯ ಇದ್ದರೆ ತಂಡದ ಒಬ್ಬ ಹುಡುಗಿ ಓದಲಿ, ಈಗ ಪ್ರತಿ ತಾಂಡಾದಲ್ಲೂ ಪಿಯುಸಿ ಮುಗಿಸಿದವರು ಇದ್ದಾರೆ. ಆಧಾರ್ ಕಾರ್ಡಿನ ಜೆರಾಕ್ಸ್ ತಗೊಂಡು ಅಸಲು ಅಲ್ಲೇ ವಾಪಸ್ಸು ಕೊಟ್ಟುಬಿಡಿ.

ಗುತ್ತಿಗೆ ಕೆಲಸದವ, ಕಲಬುರಗಿ

ಕಾರ್ಡಿನ ಮಾದರಿ ಇದ್ದರೆ ನನಗೂ ಕಳಿಸಿ ಮೇಡಂ. ಒಂದು ತಂಡಕ್ಕೆ ಹಾಕಿ ನೋಡುತ್ತೇನೆ.

ಆದರೆ ಮುಕಾದಮ ಒಪ್ಪುತ್ತಾನಾ? ಅವನು ಊರೂರು ತಿರುಗಿ ಜನ ಕೂಡಿಸಿ ತರುತ್ತಾನೆ, ಜಗಳ ಬಿಡಿಸುತ್ತಾನೆ, ಯಾರಿಗಾದರೂ ಪೆಟ್ಟಾದರೆ ರಾತ್ರಿ ದವಾಖಾನೆಗೆ ಒಯ್ಯುತ್ತಾನೆ. ಅವನ ಗಳಿಕೆ ಇರುವುದೇ ಆ ಪಟ್ಟಿಯಲ್ಲಿ. ಅದನ್ನು ಕಸಿದುಕೊಂಡರೆ ಅವನು ಏನು ತಿನ್ನಬೇಕು?

ಹಸಿರು ಲೆಕ್ಕ, ಕಲಬುರಗಿ

ಅವನ ಕೆಲಸಕ್ಕೆ ಪಗಾರ ಕಂಪನಿ ಕೊಡಬೇಕು ಕಾಕಾ, ಬೇರೆಯಾಗಿ, ಅವನ ಹೆಸರಿನಲ್ಲಿ, ಚೆಕ್ಕಿನಲ್ಲಿ. ತಂದ ತಲೆಗೆ ಇಷ್ಟು ಅಂತ ಬೇಡ, ತಿಂಗಳಿಗೆ ಇಷ್ಟು ಅಂತ. ಆಳಿನ ಕೂಲಿಯಿಂದ ಒಂದು ರೂಪಾಯಿಯೂ ಅವನಿಗೆ ಹೋಗಬಾರದು. ಕಬ್ಬಿನಲ್ಲಿ, ಖಣಿಯಲ್ಲಿ, ಗಾರ್ಡನ್ನಿನಲ್ಲಿ ಎಲ್ಲಾ ಕಡೆ ನಾವು ಅವನ ಪಗಾರ ಉಳಿಸಲು ಹೋಗಿಯೇ ಜನರನ್ನು ಅವನ ಕೈಗೆ ಕೊಟ್ಟಿದ್ದೇವೆ ಅನಿಸುತ್ತದೆ ನನಗೆ.

ನಮ್ಮ ಮುಕಾದಮನ ಹತ್ತಿರ ನಿನ್ನೆ ಮಾತಾಡಿದೆ. ಮೊದಲು ಸಿಟ್ಟು ಮಾಡಿದ. ತಿಂಗಳ ಪಗಾರ, ಪಿಎಫ್ ಅಂದ ಮೇಲೆ ಸ್ವಲ್ಪ ಕೇಳಿಸಿಕೊಂಡ. ಪಟ್ಟಿಯ ಹಳೆಯ ಬಾಕಿ ಏನು ಮಾಡುತ್ತೀರಿ ಅಂತ ಕೇಳಿದ. ಪಟ್ಟಿ ತಗೊಂಡು ಬಾ, ಒಬ್ಬೊಬ್ಬರನ್ನೂ ಕೂರಿಸಿಕೊಂಡು ದುಡಿದ ದಿನ, ಕನಿಷ್ಠ ಕೂಲಿ, ಕೊಟ್ಟ ಖರ್ಚಿ ಹಾಕಿ ಲೆಕ್ಕ ಮಾಡೋಣ ಅಂದಿದ್ದೇನೆ. ಹಾಜರಿ ನನ್ನ ಪುಸ್ತಕದಲ್ಲೂ ಇದೆಯಲ್ಲ. ಹಾಗೆ ಲೆಕ್ಕ ಹಾಕಿದರೆ ಎಷ್ಟೋ ಜನರ ಬಾಕಿ ಎಂದೋ ಹರಿದಿರುತ್ತದೆ, ಕೆಲವರಿಗೆ ಅವನೇ ವಾಪಸ್ಸು ಕೊಡಬೇಕಾಗುತ್ತದೆ ಅಂತ ನನ್ನ ಅಂದಾಜು. ವಕೀಲ ಮೇಡಂ, ಆ ದಿನ ನೀವು ಬೀದರದಿಂದ ಬರಲು ಆಗುತ್ತದಾ?

ವಕೀಲೆ, ಬೀದರ

ಬರುತ್ತೇನೆ. ಪಟ್ಟಿಯ ಪ್ರತಿ ಪುಟದ ಫೋಟೊ ಮೊದಲೇ ತೆಗೆದಿಟ್ಟುಕೊಳ್ಳಿ.